ಒಣಹಗ್ಗದ ಮೇಲಿನ ಧೋತರ

ಕರೇದಿನ್ನಿ ಏರೂರು,
ಹದಿಮೂರನೆಯ ತಿಂಗಳ ಮೂವತ್ತೆಂಟನೆಯ ದಿನ,
ಇಸವಿ ಎರಡು ಸಾವಿರದ ನೂರ ಎಂಬತ್ತೇಳು.

ನಮಗಿಂತ ಮೊದಲು ಈ ಹೊಳೆಯ ನೀರು ಕುಡಿದವರಿಗೆ,

ಶರಣು. ಮೇಲಿನ ತಾರೀಖು ನೋಡಿ ಮುದುಕಿಗೆ ಅರಳು ಮರಳು ಎಂದುಕೊಳ್ಳಬೇಡಿ. ನಮಗೆ ವರ್ಷಕ್ಕೆ ಹದಿಮೂರು ತಿಂಗಳು. ಹದಿಮೂರನೆಯದಕ್ಕೆ ಹೊಳೆತಿಂಗಳು ಎನ್ನುತ್ತೇವೆ. ಹೊಳೆ ದಂಡೆ ದಾಟಿದ ದಿನ ಅದು ಹುಟ್ಟುತ್ತದೆ, ಹಿಂದಕ್ಕೆ ಸರಿದ ದಿನ ಮುಗಿಯುತ್ತದೆ. ಇಷ್ಟೇ ದಿನ ಎಂಬ ಕಟ್ಟಿಲ್ಲ. ಆ ತಿಂಗಳನ್ನು ವಯಸ್ಸಿಗೆ ಸೇರಿಸುವುದಿಲ್ಲ, ಅದರಲ್ಲಿ ಮದುವೆ ಮಾಡುವುದಿಲ್ಲ, ಹೊಸ ಜಗಳ ತೆಗೆಯುವುದಿಲ್ಲ. ಹಳೆಯ ಜಗಳ ಮುಂದುವರಿಸಲು ಅಡ್ಡಿಯಿಲ್ಲ. ನನ್ನ ಪದಗಳು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮವೂ ನಮಗೆ ಹಾಗೆಯೇ. ನಿಮ್ಮ ಕಾಲದ ನೆರೆ ಪರಿಹಾರದ ಕಾಗದಗಳಲ್ಲಿ 'ಫಲಾನುಭವಿ' ಎಂಬ ಶಬ್ದ ಓದಿ, ಅದು ಮಾವಿನ ತೋಪಿನ ಯಜಮಾನರ ಬಿರುದು ಎಂದು ನಾವು ಬಹಳ ಕಾಲ ತಿಳಿದಿದ್ದೆವು.

ಈ ಪತ್ರ ನಿಮ್ಮನ್ನು ಹೇಗೆ ತಲುಪುತ್ತದೆ ಎಂದು ನನ್ನನ್ನು ಕೇಳಬೇಡಿ. ವರ್ಷಕ್ಕೊಮ್ಮೆ ಪ್ರತಿ ಏರೂರಿನಿಂದ ಒಬ್ಬರು ಹಿಂದಿನ ಕಾಲಕ್ಕೆ ಒಂದು ಪತ್ರ ಬರೆಯಬಹುದು. ಅದಕ್ಕೆ ಹಿಂದಂಚೆ ಎಂದು ಹೆಸರು. ಅಂಚೆಯವಳು ಬಂದು ಒಯ್ಯುತ್ತಾಳೆ. ಅವಳಿಗೂ ಹೆಚ್ಚು ಗೊತ್ತಿಲ್ಲ, ಗೊತ್ತಿದ್ದವಳ ಹಾಗೆ ನಿಲ್ಲುತ್ತಾಳೆ. ಈ ಸಲ ಚೀಟಿ ನನ್ನ ಹೆಸರಿಗೆ ಎದ್ದಿತು. ನಾನು ಚನ್ನಬಸಮ್ಮ, ಕರೇದಿನ್ನಿಯ ಅಡುಗೆಚಾವಡಿಯಲ್ಲಿ ನುಚ್ಚು ಕುದಿಸುವವಳು. ಬರೆದು ರೂಢಿಯಿಲ್ಲ, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಎರಡನ್ನೂ ಸಹಿಸಿಕೊಂಡು ಓದಿ.

ಕೃಷ್ಣೆಯ ಉದ್ದಕ್ಕೂ ಈಗ ಎರಡೇ ಬಗೆಯ ಊರು. ಕಲ್ಲುಗುಡ್ಡದ ಮೇಲಿರುವುದು ಏರೂರು, ನೀರಿನ ಪಕ್ಕದಲ್ಲಿರುವುದು ಇಳಿಯೂರು. ಮಣ್ಣು ಚೆನ್ನಾಗಿರುವುದು ಇಳಿಯೂರಿನಲ್ಲಿ, ಜೀವ ಉಳಿಯುವುದು ಏರೂರಿನಲ್ಲಿ. ಹಾಗಾಗಿ ಒಂದೊಂದು ಇಳಿಯೂರಿಗೂ ಒಂದೊಂದು ಏರೂರು ಮಾತು ಕೊಟ್ಟಿರುತ್ತದೆ: ಹೊಳೆ ಬಂದಾಗ ನೀವು ಬನ್ನಿ, ಹೋಗುವ ತನಕ ನಮ್ಮಲ್ಲಿರಿ. ನಮ್ಮ ಮಾತು ಇರುವುದು ನಡುಗಡ್ಡೆಯ ಊರಾದ ಹೊಳೆಗಡ್ಡಿಯೊಂದಿಗೆ. ಬಂದವರಿಗೆ ಚಾವಡಿಯ ಹಿಂದಿನ ಉದ್ದನೆಯ ಪಡಸಾಲೆ. ಊಟ ನಮ್ಮದು. ನಿಮ್ಮ ಕಾಲದಲ್ಲಿ ರಾಯಚೂರಿನ ಕಡೆ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂದು ನಗುತ್ತಿದ್ದಿರಂತೆ. ನಗಬೇಡಿ, ಆ ಬೇಸಿಗೆಯಿಂದಲೇ ನಾವು ಮಳೆಯಲ್ಲಿ ಉಣ್ಣುತ್ತೇವೆ. ಗುಡ್ಡದ ಹೊಟ್ಟೆಯಲ್ಲಿ ದೊಡ್ಡ ಬಂಡೆಗಳನ್ನು ಬೇಸಿಗೆಯುದ್ದಕ್ಕೂ ಬಿಸಿಲಿಗೆ ಕಾಯಿಸಿ, ಸುತ್ತ ಜೋಳದ ಸೊಪ್ಪೆ, ಬೂದಿ, ಮಣ್ಣು ಮೆತ್ತಿ ಮುಚ್ಚುತ್ತೇವೆ. ಅವಕ್ಕೆ ಕಾವುಬಂಡೆ ಎನ್ನುತ್ತೇವೆ. ಹೊಳೆತಿಂಗಳಲ್ಲಿ ಮುಚ್ಚಳ ತೆರೆದರೆ ರೊಟ್ಟಿ ಬೇಯುವಷ್ಟು ಕಾವು ಇರುತ್ತದೆ. ಸೌದೆಯ ಚಿಂತೆಯಿಲ್ಲ, ಹೊಗೆಯಿಲ್ಲ. ಬೇಸಿಗೆಯಲ್ಲಿ ಬೈದುಕೊಂಡ ಬಿಸಿಲನ್ನು ಮಳೆಯಲ್ಲಿ ಕೈಮುಗಿದು ಉಣ್ಣುತ್ತೇವೆ.

ಇನ್ನು ನಮ್ಮ ಕಟ್ಟಳೆ. ಚಾವಡಿಯ ಮುಂದಿನ ಮಾಡಿನ ಕೆಳಗೆ ಒಂದು ಉದ್ದನೆಯ ಹಗ್ಗವಿದೆ, ಒಣಹಗ್ಗ ಎನ್ನುತ್ತೇವೆ. ನೀರಿನಿಂದ ಬಂದವರು ಮೊದಲು ಉಟ್ಟದ್ದನ್ನು ಬಿಚ್ಚಿ ಅದರ ಮೇಲೆ ಹಾಕುತ್ತಾರೆ, ನಾವು ಕೊಟ್ಟ ಒಣಬಟ್ಟೆ ಉಡುತ್ತಾರೆ. ಹಗ್ಗದ ಮೇಲೆ ಬಟ್ಟೆ ಇರುವ ತನಕ ಅವರು ನಡುಗುವ ಮೈಯವರು. ನಡುಗುವ ಕೈಗೆ ಸೌಟು ಕೊಡಬಾರದು. ಕೊನೆಯ ಬಟ್ಟೆ ಒಣಗಿ ಇಳಿದ ದಿನ ಸೌಟು ತಿರುಗುತ್ತದೆ. ಅಂದರೆ ಅಂದಿನ ಅಡುಗೆ ಬಂದವರದು. ಅವರು ಬಡಿಸುತ್ತಾರೆ, ಏರೂರಿನವರೆಲ್ಲ ಸಾಲಾಗಿ ಕುಳಿತು ಉಣ್ಣುತ್ತೇವೆ. ಅಲ್ಲಿಂದ ಮುಂದೆ ಒಂದು ಹೊತ್ತು ಅವರು, ಒಂದು ಹೊತ್ತು ನಾವು. ಉಪಕಾರವಾಯಿತು ಎಂದು ಯಾರೂ ಬಾಯಿಬಿಟ್ಟು ಹೇಳುವಂತಿಲ್ಲ. ಹೇಳಿದರೆ ಮರ್ಯಾದೆಗೆಟ್ಟವರು ಎಂದಾಗುತ್ತದೆ.

ಈ ಕಟ್ಟಳೆ ಹುಟ್ಟಲು ಕಾರಣ ನೀವೇ. ನಿಮ್ಮ ಕಾಲದ ಚಲಿಸುವ ಚಿತ್ರಗಳು ನಮ್ಮಲ್ಲಿ ಉಳಿದಿವೆ. ಒಂದರಲ್ಲಿ ಐದಾರು ಜನ ಕೂಡಿ ಒಂದೇ ಬ್ರೆಡ್ಡಿನ ಪೊಟ್ಟಣ ಹಿಡಿದು ಒಬ್ಬ ಮುದುಕನಿಗೆ ಕೊಡುತ್ತಿದ್ದಾರೆ. ಅವನನ್ನು ಯಾರೂ ನೋಡುತ್ತಿಲ್ಲ, ಎಲ್ಲರ ಕಣ್ಣೂ ಎದುರಿನ ಕ್ಯಾಮರಾದ ಮೇಲೆ. ಆ ಪೊಟ್ಟಣ ಅಷ್ಟು ಭಾರವಿತ್ತೇ ಎಂದು ನಮ್ಮ ಮಕ್ಕಳು ಕೇಳುತ್ತವೆ. ಇನ್ನೊಂದರಲ್ಲಿ ಮನೆ ಬಿದ್ದ ಹೆಂಗಸೊಬ್ಬಳು ಅಳುತ್ತಿದ್ದಾಳೆ. ಯಾರೋ 'ಇನ್ನೊಂದ್ಸಲ ಹೇಳಮ್ಮ, ಸ್ವಲ್ಪ ಜೋರಾಗಿ' ಎನ್ನುತ್ತಾರೆ. ಮತ್ತೊಂದರಲ್ಲಿ ಹಂಚುವವನು ಹಣೆ ಒರೆಸಿಕೊಂಡು 'ಈ ಜನಕ್ಕೆ ಎಷ್ಟು ಕೊಟ್ರೂ ಸಾಲದು' ಎಂದು ಗೊಣಗುತ್ತಾನೆ. ನಮ್ಮ ಅಜ್ಜಿಯರು ಇವನ್ನೆಲ್ಲ ನೋಡಿ, ಕೊಡುವವನು ಹೊಗಳಿಕೆಗೆ ಕಾಯಬಾರದು, ಪಡೆಯುವವನು ತಲೆ ತಗ್ಗಿಸಬಾರದು, ಕುಂತು ಉಣ್ಣಲೂಬಾರದು ಎಂದು ಒಣಹಗ್ಗ ಕಟ್ಟಿದರು. ನಾವು ನಿಮಗಿಂತ ದೊಡ್ಡವರಾದೆವು ಎಂಬ ಹೆಮ್ಮೆ ನಮಗಿತ್ತು. ಈ ವರ್ಷದ ತನಕ ಇತ್ತು.

ಚಾವಡಿಯ ಸೌಟು, ಅಂದರೆ ಅಡುಗೆಯ ಯಜಮಾನಿಕೆ, ನನ್ನ ನೆಗೆಣ್ಣಿ ಸೂಗಮ್ಮನದು. ನನ್ನ ಗಂಡನ ಅಣ್ಣನ ಹೆಂಡತಿ, ನನಗೆ ಅಕ್ಕ. ಬಾಯಿ ಸಜ್ಜೆಯ ಮುಳ್ಳು, ಕೈ ಬೆಣ್ಣೆ. ಊಟಕ್ಕೆ ಕುಳಿತವನನ್ನು 'ತಿಂದ್ರ ತಿನ್ನು, ಬಿಟ್ರ ಬಿಡು, ನಿನ್ನ ಮಾರಿ ನೋಡಾಕ ನಾ ಕುಂತಿಲ್ಲ' ಎಂದು ಬೈಯುತ್ತಲೇ ಮತ್ತೊಂದು ರೊಟ್ಟಿ ಹಾಕುತ್ತಾಳೆ. ಅವಳಿಗೆ ಮೂವರು ಮಕ್ಕಳು, ಮೂವರೂ ಒಡ್ಡಿನ ಕೆಲಸಕ್ಕೆ ಹೋಗುವವರು. ಒಡ್ಡು ಎಂದರೆ ನಮ್ಮ ಕೆಳಹೊಲಗಳಿಗೆ ನೀರು ನುಗ್ಗದಂತೆ ಹೊಳೆಯ ಈ ದಂಡೆಗೆ ಕಟ್ಟಿದ ಮಣ್ಣಿನ ಗೋಡೆ. ಹೊಳೆತಿಂಗಳು ಬಂದರೆ ಸೂಗಮ್ಮನ ಕಣ್ಣು ಅರ್ಧ ಒಲೆಯ ಮೇಲೆ, ಅರ್ಧ ಒಡ್ಡಿನ ಮೇಲೆ.

ಈ ಸಲ ಹೊಳೆ ಹೇಳದೆ ಬಂತು. ಹೊಳೆಗಡ್ಡಿಯವರ ದೋಣಿಗಳು ಮಬ್ಬಿನಲ್ಲಿ, ಜಡಿಮಳೆಯಲ್ಲಿ, ಒಂದರ ಹಿಂದೊಂದು ನಮ್ಮ ಮೆಟ್ಟಿಲಿಗೆ ಬಂದು ತಾಗಿದವು. ಮೊದಲು ಇಳಿದವನು ಅವರ ಹಿರಿಯ ಅಮರಗುಂಡಪ್ಪ, ಕೊನೆಗೆ ಇಳಿದವಳು ಈರಮ್ಮ. ಪ್ರತಿ ವರ್ಷ ಸೌಟು ತಿರುಗಿದ ದಿನ ಪುಂಡಿಪಲ್ಯ ಮಾಡುವವಳು ಈ ಈರಮ್ಮನೇ. ಅವಳ ಕೈಯ ಪಲ್ಯಕ್ಕಾಗಿ ನಮ್ಮವರು ಬೆಳಗಿನಿಂದ ಹಸಿದಿರುತ್ತಿದ್ದರು. ದೊಡ್ಡ ಕೊಪ್ಪರಿಗೆ ಎತ್ತಿ ಇಳಿಸಲು ಅವಳ ಮಗ ಯಂಕೋಬ ಜೊತೆಗಿರುತ್ತಿದ್ದ. ಒಬ್ಬನೇ ಮಗ, ಹಾಡು ಹೇಳುವ ಹುಡುಗ. ಈ ಸಲ ಅವನು ಕಾಣಲಿಲ್ಲ. ಕೇಳಿದರೆ ಅಮರಗುಂಡಪ್ಪ 'ದನದ ಕೂಡ ಹೋಗ್ಯಾನ' ಎಂದ. ಇಳಿಯೂರಿನ ದನಕರುಗಳನ್ನು ಆಚೆಯ ಬೇರೊಂದು ದಿನ್ನಿಗೆ ಹೊಡೆದುಕೊಂಡು ಹೋಗುವುದು ರೂಢಿ, ಆದ್ದರಿಂದ ನಾವು ಮತ್ತೆ ಕೇಳಲಿಲ್ಲ.

ಉಡುಪೆಲ್ಲ ಹಗ್ಗಕ್ಕೇರಿತು. ಮಳೆ ನಿಂತು ಹೊಳವಾದ ದಿನ ಬಹಳಷ್ಟು ಒಣಗಿ ಇಳಿಯಿತು. ಉಳಿದದ್ದು ಒಂದೇ ಒಂದು ಧೋತರ, ಕೆಂಪು ಅಂಚಿನದು. ಅದು ಒಣಗಲಿಲ್ಲ. ಮರುದಿನವೂ ಒಣಗಲಿಲ್ಲ. ಏನಿದು ಎಂದು ನೋಡಿದರೆ, ಈರಮ್ಮ ಬೆಳಗ್ಗೆ ಎದ್ದವಳೇ ತಂಬಿಗೆಯಲ್ಲಿ ನೀರು ತಂದು, ಧೋತರದ ಒಂದು ತುದಿಯಿಂದ ಇನ್ನೊಂದು ತುದಿಗೆ ಕೈಯಿಂದ ನೇವರಿಸುತ್ತ ತೋಯಿಸುತ್ತಿದ್ದಳು. ಮಧ್ಯಾಹ್ನ ಬಿಸಿಲು ಬಿದ್ದರೆ ಇನ್ನೊಮ್ಮೆ. ಕದ್ದುಮುಚ್ಚಿ ಅಲ್ಲ, ಎಲ್ಲರ ಕಣ್ಣೆದುರಿಗೆ. ಹೊಳೆಗಡ್ಡಿಯವರು ಯಾರೂ ತಡೆಯಲಿಲ್ಲ. ಒಬ್ಬರಾದರೂ ನಮ್ಮ ಮುಖ ನೋಡಲಿಲ್ಲ.

ನಮ್ಮಲ್ಲಿ 'ಸೀರೆ ತೋಯಿಸುವವರು' ಎಂಬ ಬೈಗುಳವಿದೆ. ಸೌಟು ತಪ್ಪಿಸಿಕೊಳ್ಳಲು ಬಟ್ಟೆಗೆ ನೀರು ಚಿಮುಕಿಸಿ ಇನ್ನೊಂದೆರಡು ದಿನ ಪುಕ್ಕಟೆ ಉಣ್ಣುವವರಿಗೆ ಅನ್ನುವ ಮಾತು. ಅಲ್ಲಿ ಇಲ್ಲಿ ಯಾವುದೋ ಊರಿನವರು ಮಾಡಿದ್ದನ್ನು ಕೇಳಿದ್ದೆವು, ನಮ್ಮ ಹಗ್ಗದ ಮೇಲೆ ಕಂಡಿರಲಿಲ್ಲ. ಚಾವಡಿಯಲ್ಲಿ ಗುಸುಗುಸು ಎದ್ದಿತು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎಂದರು ಕೆಲವರು. ನಾನೂ ಅಂದೆ. ಹೊಳೆಗಡ್ಡಿಯ ಹುಡುಗರೂ ಬೆಂಕಿಗೆ ತುಪ್ಪ ಸುರಿದರು. ನರಸಪ್ಪ ಎಂಬವನು ನುಚ್ಚಿಗೆ ಉಪ್ಪು ಸಾಲದು ಎಂದ, ರೊಟ್ಟಿ ದಪ್ಪ ಎಂದ, ಹಾಸಿಗೆಯಲ್ಲಿ ತಿಗಣೆ ಎಂದ. ತಿಗಣೆ ಇದ್ದದ್ದು ನಿಜ. ಆದರೂ ದಾನಕ್ಕೆ ಬಂದ ಎಮ್ಮೆಯ ಹಲ್ಲು ಎಣಿಸುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಆ ದಿನಗಳಲ್ಲಿ ಅವರಿಗೆ ನುಚ್ಚು ಬಡಿಸುವಾಗ ನನ್ನ ಸೌಟು ತಟ್ಟೆಗೆ ಸ್ವಲ್ಪ ಜೋರಾಗಿಯೇ ಬಡಿಯುತ್ತಿತ್ತು.

ಕಡೆಗೆ ಕಟ್ಟೆಯ ಮೇಲೆ ಮಾತಿಗೆ ಕುಳಿತರು. ನಮ್ಮ ಹಿರಿಯರು ಮೆತ್ತಗೇ ಕೇಳಿದರು, 'ಅಮರಗುಂಡಪ್ಪ, ಹಗ್ಗ ಯಾವಾಗ ಬರಿದಾಗ್ತದ?' ಅವನು ನಿಧಾನದ ಮನುಷ್ಯ. ಅಂದು ಎದ್ದು ನಿಂತು ಉತ್ತರ ಕೊಟ್ಟ. 'ಬರಿದಾದಾಗ ಆಗ್ತದ. ಅಲ್ಲೀತನಕ ನೀವು ಹಾಕ್ತೀರಿ, ನಾವು ಉಣ್ತೀವಿ. ಒಡ್ಡು ಯಾರ್ದು? ನಿಮ್ದು. ಆ ಒಡ್ಡಿಗೆ ಬಡದು ತಿರುಗಿದ ನೀರು ಎಲ್ಲಿಗೆ ಬರ್ತದ? ನಮ್ಮ ಗಡ್ಡಿಗೆ. ನಿಮ್ಮ ಹೊಲ ಒಣಗಿರಲಿ ಅಂತ ನಾವು ಮುಳುಗ್ತೀವಿ. ಉಣ್ಣಾಕ ಹಾಕೂದು ನಿಮ್ಮ ಪುಣ್ಯ ಅಲ್ರಿ, ಅದು ನಮ್ಮ ಹಕ್ಕು.' ಇಷ್ಟು ಹೇಳಿ ಕುಳಿತ. ಅವನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅದಕ್ಕೇ ಇರಬೇಕು, ನಮ್ಮವರಿಗೆ ಅಷ್ಟು ಸಿಟ್ಟು ಬಂತು.

ನಮ್ಮಲ್ಲಿ ಮಾತು ಬಿಡಿಸುವುದು ಎಂದೊಂದಿದೆ. ಸೌಟು ತಿರುಗದಿದ್ದರೆ ಏರೂರು ತನ್ನ ಮಾತಿನಿಂದ ಬಿಡುಗಡೆ ಪಡೆಯಬಹುದು. ಆಗ ದೊಡ್ಡದೋಣಿ ಬಂದು ಇಳಿಯೂರಿನವರನ್ನು ಸಾಲುಮನೆಗೆ ಒಯ್ಯುತ್ತದೆ. ಸಾಲುಮನೆ ಸರ್ಕಾರದ್ದು. ಅಲ್ಲಿ ಯಾರಿಗೂ ಏನೂ ಮಾಡುವ ಹಂಗಿಲ್ಲ. ಊಟ ಕೊಳವೆಯಲ್ಲಿ ಬರುತ್ತದೆ, ಹೊತ್ತಿಗೆ ಸರಿಯಾಗಿ ಬರುತ್ತದೆ. ಆದರೆ ಗಂಡಸರ ಸಾಲು ಬೇರೆ, ಹೆಂಗಸರ ಸಾಲು ಬೇರೆ, ಮುದುಕರ ಸಾಲು ಬೇರೆ. ಒಮ್ಮೆ ಹೋದವರ ಊರನ್ನು ಪಾಳು ಎಂದು ಬರೆಯುತ್ತಾರೆ, ಮತ್ತೆ ಅಲ್ಲಿ ಮನೆ ಕಟ್ಟಗೊಡುವುದಿಲ್ಲ. ಸಾಲುಮನೆಗೆ ಹೋದವರು ಹೋದವರೇ. ಕಟ್ಟೆಯ ಮೇಲೆ ನಮ್ಮವರು ತೀರ್ಮಾನ ಹೇಳಿದರು: ದೊಡ್ಡದೋಣಿ ಬರುವುದರೊಳಗೆ ಹಗ್ಗ ಬರಿದಾಗದಿದ್ದರೆ ಹೊಳೆಗಡ್ಡಿಯ ಮಾತು ಬಿಡಿಸಿದಂತೆ. ಅಮರಗುಂಡಪ್ಪ ತಲೆ ಅಲ್ಲಾಡಿಸಿದ. ಬೇಡ ಎಂದು ಒಂದು ಮಾತು ಅನ್ನಲಿಲ್ಲ. ಒಂದು ಊರು ಒಂದು ಧೋತರಕ್ಕೆ ಅಳಿಯುವುದಿತ್ತು, ಯಾರೂ ಅದನ್ನು ಮುಟ್ಟಲೊಲ್ಲರು.

ದೊಡ್ಡದೋಣಿ ಬರುವ ಹಿಂದಿನ ದಿನ ಬೆಳಗ್ಗೆ ಸೂಗಮ್ಮ ನುಚ್ಚಿಗೆ ಎಸರಿಟ್ಟವಳು ಒಮ್ಮೆಲೇ ಎದ್ದಳು. 'ಇವರ ಹಟಕ್ಕ ಬೆಂಕಿ ಬೀಳ್ಲಿ. ಮುದುಕಿ ತಲಿ ಕೆಟ್ಟದ ಅಂತ ಇಡೀ ಊರು ಹಾಳಾಗಬೇಕೇನು? ಹೊಳೆಗಡ್ಡಿ ಪಾಳು ಬಿದ್ರ ನನಗ ನಿದ್ದಿ ಬರ್ತದ?' ಎನ್ನುತ್ತ ಹೋಗಿ ಹಗ್ಗದಿಂದ ಧೋತರ ಎಳೆದುಕೊಂಡಳು. ಸಿಟ್ಟಿತ್ತು, ಆದರೆ ಅದಕ್ಕಿಂತ ಹೆಚ್ಚು ಇದ್ದದ್ದು ಕನಿಕರ. ನಾನು ಪಕ್ಕದಲ್ಲೇ ಇದ್ದೆ, ನೋಡಿದೆ. ಧೋತರವನ್ನು ಹಿಂಡಿ ಕಾವುಬಂಡೆಯ ಮೇಲೆ ಹರವಿದಳು. ಆವಿ ಎದ್ದಿತು. ತಿರುವಿ ಹಾಕಿದಳು, ಸುಕ್ಕು ಬಿಡಿಸಿದಳು, ತನ್ನ ಮಗನ ಬಟ್ಟೆ ಮಡಚುವ ಹಾಗೆ ಅಂಚಿಗೆ ಅಂಚು ಕೂಡಿಸಿ ಮಡಚಿದಳು. ಪಡಸಾಲೆಗೆ ಹೋಗಿ, ಗೋಡೆಗೆ ಒರಗಿ ಕುಳಿತ ಈರಮ್ಮನ ಮಡಿಲಲ್ಲಿ ಇಟ್ಟಳು. 'ತಗೋ ಯವ್ವ. ಒಣಗೇದ ನೋಡು. ಇನ್ನ ಯಾರೂ ನಿಮ್ಮನ್ನ ಕಳಸೂದಿಲ್ಲ.'

ಈರಮ್ಮ ಮಡಿಕೆಯನ್ನು ಎರಡೂ ಕೈಯಲ್ಲಿ ಎತ್ತಿ ಕೆನ್ನೆಗೆ ಒತ್ತಿ ನೋಡಿದಳು. ಇನ್ನೂ ಬಿಸಿ ಇತ್ತು. ಮಧ್ಯದಲ್ಲಿ ಬೆರಳು ತೂರಿಸಿ ಒಳಗಿನ ಪದರ ಮುಟ್ಟಿದಳು. ಎಲ್ಲಿಯೂ ಹಸಿಯಿರಲಿಲ್ಲ. ಆಮೇಲೆ ಅವಳ ಬಾಯಿಂದ ಹೊರಟ ದನಿಯನ್ನು ನಾನು ಬರೆಯಲಾರೆ. ಅದು ಸಾವಿನ ಮನೆಯ ಅಳು. ಅವಳು ಶುರುಮಾಡಿದ್ದೇ ತಡ, ಪಡಸಾಲೆಯ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಹೆಂಗಸರೆಲ್ಲ ಎದೆ ಬಡಿದುಕೊಂಡು ಎದ್ದರು. ಉಪ್ಪು ಸಾಲದು ಎಂದಿದ್ದ ನರಸಪ್ಪ ಗೋಡೆಗೆ ಮುಖ ಮಾಡಿ ಅಳುತ್ತಿದ್ದ. ಸೂಗಮ್ಮ ಏನು ಮಾಡಿದೆನೆಂದು ತಿಳಿಯದೆ ನಡುವೆ ನಿಂತಿದ್ದಳು, ಕೈಯಲ್ಲಿ ಇನ್ನೂ ಧೋತರದ ಕಾವು ಇದ್ದಿರಬೇಕು.

ಅಮರಗುಂಡಪ್ಪ ನಮ್ಮನ್ನು ಹೊರಗೆ ಕರೆದು ಹೇಳಿದ. ಹೊಳೆ ನುಗ್ಗಿದ ದಿನ ಕೊನೆಯ ದೋಣಿ ಬಿಡುವಾಗ, ಕೊಟ್ಟಿಗೆಯಲ್ಲಿ ಎಮ್ಮೆಗಳು ಕಟ್ಟಿದಲ್ಲೇ ಒದರುವುದು ಕೇಳಿಸಿತು. ಹಗ್ಗ ಬಿಚ್ಚಿದರೆ ಈಜಿ ಉಳಿದುಕೊಳ್ಳುತ್ತವೆ ಎಂದು ಯಂಕೋಬ ದೋಣಿಯಿಂದ ಹಾರಿದ. ಹಾರುವ ಮುಂಚೆ ಕಾಲಿಗೆ ತೊಡರುವ ಒದ್ದೆ ಧೋತರ ಬಿಚ್ಚಿ ತಾಯಿಯ ಕಡೆ ಎಸೆದು, ಚಡ್ಡಿಯಲ್ಲೇ ನೀರಿಗಿಳಿದ. ತಾಯಿ ಕೂಗಿದಳು. ಅವನು ನಗುತ್ತ ಹೇಳಿದನಂತೆ, 'ಇದು ಒಣಗೂದ್ರೊಳಗ ಬರ್ತೀನಿ, ಯವ್ವ.' ಎಮ್ಮೆಗಳು ಬಂದವು, ಆಚೆಯ ದಿನ್ನಿಯ ದಂಡೆಗೆ ಹತ್ತಿದವು. ಅವನು ಬರಲಿಲ್ಲ. ದನದ ಕೂಡ ಹೋಗ್ಯಾನ ಎಂದು ಅಮರಗುಂಡಪ್ಪ ಹೇಳಿದ್ದು ಅಷ್ಟರ ಮಟ್ಟಿಗೆ ಸುಳ್ಳಲ್ಲ. ಧೋತರ ಒಣಗುವ ತನಕ ಅವನು ತಡಮಾಡಿದಂತಲ್ಲ ಎಂಬ ಆಸೆಯನ್ನು ಆ ತಾಯಿ ಹಿಡಿದುಕೊಂಡಿದ್ದಳು. ಊರಿನವರೂ ಅವಳ ಜೊತೆ ಅದನ್ನೇ ಹಿಡಿದುಕೊಂಡಿದ್ದರು. ಬದುಕು ಸಾವಿನ ನಡುವೆ ಇರುವವನ ಬಗ್ಗೆ ಖಚಿತವಾಗುವ ತನಕ ಅವರಲ್ಲಿ ಒಲೆ ಹಚ್ಚುವುದಿಲ್ಲ. ಸೌಟು ಹೇಗೆ ಹಿಡಿಯುತ್ತಾರೆ?

ನನಗೆ ತಡೆಯಲಾಗಲಿಲ್ಲ, ಕೇಳಿಯೇಬಿಟ್ಟೆ. ಇದನ್ನು ಮೊದಲೇ ಹೇಳಿದ್ದರೆ ನಾವೇನು ರಾಕ್ಷಸರೇ, ಹಕ್ಕು ಗಿಕ್ಕು ಎಂದು ಕಟ್ಟೆಯ ಮೇಲೆ ಯಾಕೆ ಕೂಗಾಡಿದೆ ಎಂದೆ. ಅವನು ಹೊಳೆಯ ಕಡೆ ನೋಡುತ್ತ ನಿಂತಿದ್ದ. 'ಹಕ್ಕು ಅಂದ್ರ ನೀವು ಸಿಟ್ಟಾಗ್ತೀರಿ. ಸತ್ತಾನ ಅಂದ್ರ ಅಯ್ಯೋ ಅಂತೀರಿ. ಸಿಟ್ಟು ತಡಕೋಬಹುದು ತಾಯಿ, ಅಯ್ಯೋ ತಡಕೊಳ್ಳಾಕ ಆಗೂದಿಲ್ಲ. ಹೆಣ ತೋರಿಸಿ ಕೂಳು ಇಸ್ಕೊಂಡ್ರು ಅನಿಸ್ಕೊಳ್ಳೂದು ಬ್ಯಾಡಾಗಿತ್ತು. ಮತ್ತ, ಆಕಿ ಮುಂದ ಅವ ಸತ್ತಾನ ಅಂತ ಮೊದಲು ಹೇಳೋರು ಯಾರು? ನೀವು ಹೇಳ್ತಿದ್ರೇನು?' ಇಳಿಯೂರಿನವರ ಅಜ್ಜಿಯರು ನಿಮ್ಮ ಕಾಲದ ಆ ಚಿತ್ರಗಳನ್ನು ನಮಗಿಂತ ಬೇರೆ ಕಡೆಯಿಂದ ನೋಡಿದವರು. ಜೋರಾಗಿ ಅತ್ತವರಿಗೆ ಮೊದಲು ಸಿಕ್ಕಿತು ಎಂಬುದನ್ನು ಅವರು ಮರೆತಿಲ್ಲ.

ಮರುದಿನ ದೊಡ್ಡದೋಣಿ ಬಂತು, ಬರಿದೇ ತಿರುಗಿ ಹೋಯಿತು. ನಮ್ಮ ಹಿರಿಯರೇ ಮೆಟ್ಟಿಲಿಳಿದು ಹೋಗಿ, ಮಾತು ಬಿಡಿಸಿಲ್ಲ, ಸಾವಾಗಿದೆ ಎಂದು ಹೇಳಿ ಕಳಿಸಿದರು. ಪಡಸಾಲೆ ಸಾವಿನ ಮನೆಯಾಯಿತು. ಸಾವಿನ ಮನೆಗೆ ಬುತ್ತಿ ಹೊರುವುದು ನಿಮ್ಮಲ್ಲೂ ಇತ್ತು, ನಮ್ಮಲ್ಲೂ ಇದೆ. ಹೊತ್ತವರು ಉಪಕಾರ ಮಾಡಿದೆವು ಎಂದುಕೊಳ್ಳುವುದಿಲ್ಲ, ಉಂಡವರು ಹಂಗು ಎಂದುಕೊಳ್ಳುವುದಿಲ್ಲ, ಉಪ್ಪು ಕಡಿಮೆಯಾಗಿದ್ದರೆ ಯಾರೂ ಅನ್ನುವುದಿಲ್ಲ. ನಾನು ಈಗ ಅದೇ ನುಚ್ಚನ್ನು ಅದೇ ತಟ್ಟೆಗಳಿಗೆ ಬಡಿಸುತ್ತಿದ್ದೆ. ಸೌಟು ಸದ್ದು ಮಾಡುತ್ತಿರಲಿಲ್ಲ. ಎಲ್ಲರೂ ಎರಡು ತುತ್ತು ಉಂಡರು. ಈರಮ್ಮ ಮಾತ್ರ ಮುಟ್ಟಲಿಲ್ಲ. ನೀರು ಕುಡಿಸಿದರೆ ಕುಡಿಯುತ್ತಿದ್ದಳು, ಅಷ್ಟೇ. ಕಣ್ಣುಗಳು ಒಳಗಿಳಿದವು. ಮಗನ ಹಿಂದೆ ತಾಯಿಯೂ ಹೋಗುತ್ತಾಳೆ ಎಂದು ಹೆಂಗಸರು ಪಿಸುಗುಟ್ಟಿದರು.

ಇತ್ತ ಚಾವಡಿಯಲ್ಲಿ ಸೂಗಮ್ಮ ಉಣ್ಣುವುದನ್ನು ಬಿಟ್ಟಿದ್ದಳು. ಬಡಿಸುತ್ತಿದ್ದಳು, ತೊಳೆಯುತ್ತಿದ್ದಳು, ಯಾರನ್ನೂ ಬೈಯುತ್ತಿರಲಿಲ್ಲ. ಬೈಯದ ಸೂಗಮ್ಮನನ್ನು ನೋಡಿ ಅವಳ ಮಕ್ಕಳೇ ಹೆದರಿದರು. 'ಅಕ್ಕ, ನೀನು ಕೊಂದಿಲ್ಲ, ಹೊಳೆ ಕೊಂದದ್ದು' ಎಂದೆ. 'ಹೊಳಿ ಮಗನ್ನ ಒಯ್ತು. ಆಕಿ ಹಾದಿ ಕಾಯೂದನ್ನ ಒಯ್ದಾಕಿ ನಾನು' ಎಂದಳು. ಒಂದು ಮಧ್ಯಾಹ್ನ ತುಂಬಿದ ಕೊಪ್ಪರಿಗೆ ಇಳಿಸಲು ಹೋಗಿ ಕಣ್ಣಿಗೆ ಕತ್ತಲೆ ಬಂದು ಕುಸಿದು ಕುಳಿತಳು.

ಆ ಸುದ್ದಿ ಪಡಸಾಲೆಗೆ ಯಾರು ಮುಟ್ಟಿಸಿದರೋ ತಿಳಿಯದು. ನಾನು ಸೂಗಮ್ಮನ ಮುಖಕ್ಕೆ ನೀರು ಚಿಮುಕಿಸುತ್ತಿದ್ದಾಗ ಈರಮ್ಮ ಗೋಡೆ ಹಿಡಿದುಕೊಂಡು ಒಳಗೆ ಬಂದಳು. ಪರಾತದಲ್ಲಿ ಜೋಳದ ಹಿಟ್ಟು ಹಾಕಿಕೊಂಡು ಬಿಸಿನೀರು ಹೊಯ್ದು ನಾದತೊಡಗಿದಳು. ಹೊಳೆಗಡ್ಡಿಯ ಹೆಂಗಸೊಬ್ಬಳು ಓಡಿಬಂದು, 'ಚಿಗವ್ವ, ಸೂತಕದ ಕೈ, ಹಿಟ್ಟು ಮುಟ್ಟಬಾರ್ದು' ಎಂದಳು. ಈರಮ್ಮ ತಿರುಗಿ ನೋಡದೆ ಹೇಳಿದಳು, 'ಸೂತಕ ನನಗೈತಿ. ಆಕಿ ಹೊಟ್ಟಿಗಿಲ್ಲ.' ಬಡಿದಳು, ಕಾವುಬಂಡೆಯ ಮೇಲೆ ಬೇಯಿಸಿದಳು. ಕೈಯಲ್ಲಿ ಶಕ್ತಿಯಿರಲಿಲ್ಲ, ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ಹರಿದಿತ್ತು. ಶೇಂಗಾ ಹಿಂಡಿ ಹಚ್ಚಿ ಸೂಗಮ್ಮನ ಮುಂದೆ ಕುಳಿತು ತುತ್ತು ಮುರಿದಳು. 'ಉಣ್ಣು. ನೀ ಉಂಡ್ರ ನಾ ಉಣ್ತೀನಿ.'

ಸೂಗಮ್ಮ ಬಾಯಿ ತೆರೆದಳು. ಅಳುತ್ತಲೇ ಅಗಿದು ನುಂಗಿದಳು. ಈರಮ್ಮ ಇನ್ನೊಂದು ತುತ್ತು ಮುರಿದು ತನ್ನ ಬಾಯಿಗೆ ಹಾಕಿಕೊಂಡಳು. ಒಂದು ತುತ್ತು ಅವಳಿಗೆ, ಒಂದು ತನಗೆ, ಹಾಗೆಯೇ ರೊಟ್ಟಿ ಮುಗಿಯಿತು. ಆಮೇಲೆ ಈರಮ್ಮ ಅವಳ ನೆತ್ತಿಯ ಮೇಲೆ ಕೈಯಿಟ್ಟು, 'ನಿನ್ನ ಹೊಟ್ಟಿ ತಣ್ಣಗಿರಲಿ' ಎಂದಳು. ನಿನ್ನ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳು ಬದುಕಿರಲಿ ಎಂದು ಅದರ ಅರ್ಥ, ನಿಮಗೆ ಗೊತ್ತಿರುತ್ತದೆ. ಹಾಗೆ ಹರಸುವುದು ನಮ್ಮ ಕಟ್ಟಳೆಗೆ ವಿರುದ್ಧ, ಏಕೆಂದರೆ ಅದೂ ಉಪಕಾರ ಸ್ಮರಣೆಯೇ. ಹಿರಿಯರು ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಯಾರೂ ತಡೆಯಲಿಲ್ಲ.

ನಾನು ಆ ಹೊತ್ತಿನಿಂದ ಒಂದೇ ವಿಚಾರ ಮಾಡುತ್ತಿದ್ದೇನೆ. ಉಪಕಾರವಾಯಿತು ಎನ್ನುವ ಮಾತನ್ನು ನಾವು ಬಾಯಿಂದ ತೆಗೆದುಹಾಕಿ ಸೌಟಿನಲ್ಲಿ ಇಟ್ಟುಕೊಂಡಿದ್ದೆವು. ನೀವು ಫೋಟೋಕ್ಕೆ ಕಾಯುತ್ತಿದ್ದಿರಿ, ನಾವು ಹಗ್ಗ ಬರಿದಾಗುವುದಕ್ಕೆ ಕಾಯುತ್ತಿದ್ದೆವು. ಕುಂತು ಉಣ್ಣಬಾರದು ಎಂಬುದು ಸರಿ, ನಾನು ಈಗಲೂ ಹಾಗೇ ಅನ್ನುತ್ತೇನೆ. ಸಾಲುಮನೆಯಲ್ಲಿ ಕುಂತು ಉಣ್ಣುವವರ ಕಣ್ಣು ನಾನು ನೋಡಿದ್ದೇನೆ. ಆದರೆ ಎದ್ದು ಬಡಿಸುವ ಹೊತ್ತನ್ನು ಬಡಿಸುವವರೇ ಗೊತ್ತುಮಾಡಬೇಕು. ಹಗ್ಗದ ಕಟ್ಟಳೆ ಇರಲೋ ಬೇಡವೋ ಎಂದು ಕಟ್ಟೆಯ ಮೇಲೆ ಇನ್ನೂ ಜಗಳ ನಡೆದಿದೆ. ಹಳೆಯ ಜಗಳವೆಂದು ಲೆಕ್ಕ ಮಾಡಿದ್ದೇವೆ. ಒಂದು ಮಾತು ಮಾತ್ರ ತೀರ್ಮಾನವಾಯಿತು: ಮುಂದಿನ ವರ್ಷದಿಂದ ನಮ್ಮ ಒಡ್ಡಿನಲ್ಲಿ ಎರಡು ಕಡೆ ಬಾಯಿ ಬಿಡುತ್ತೇವೆ, ಹೊಳೆಯ ನೀರು ನಮ್ಮ ಕೆಳಹೊಲಗಳಿಗೂ ಬರುತ್ತದೆ. ಒಂದು ಬಾಯಿ ನನ್ನ ಹೊಲಕ್ಕೇ ಬೀಳುತ್ತದೆ. ನಾನು ವಾದ ಮಾಡಿದೆ, ಬೈದೆ, ಆಮೇಲೆ ಕೈಯೆತ್ತಿದೆ. ಅಮರಗುಂಡಪ್ಪ ಹಕ್ಕು ಎಂದದ್ದು ಸಿಟ್ಟಿಗೆ ಅಂದ ಮಾತಾಗಿದ್ದರೂ ಲೆಕ್ಕ ಸರಿಯಾಗಿತ್ತು.

ಇಂದು ನೀರು ಇಳಿದಿದೆ. ಹೊಳೆಗಡ್ಡಿಯವರು ಬೆಳಗ್ಗೆ ದೋಣಿ ಹತ್ತಿದರು. ನಾವೂ ಮೆಟ್ಟಿಲ ತನಕ ಹೋದೆವು. ಈರಮ್ಮನ ಮನೆಯ ಗೋಡೆ ಬಿದ್ದಿದೆಯಂತೆ, ಎತ್ತಲು ಈಗ ಮಗನಿಲ್ಲ. ಅವಳು ದೋಣಿಯಲ್ಲಿ ಕುಳಿತ ಮೇಲೆ ಸೂಗಮ್ಮ ಸೀರೆಯ ಸೆರಗು ಸಿಕ್ಕಿಸಿಕೊಂಡು, ಒಂದು ಸಲಿಕೆ ಹೆಗಲಿಗಿಟ್ಟುಕೊಂಡು ಅವಳ ಪಕ್ಕ ಹೋಗಿ ಕುಳಿತಳು. 'ನಿನ್ನ ಯಾರು ಕರದಾರ?' ಎಂದಳು ಈರಮ್ಮ. 'ನೀವು ಬರೂವಾಗ ನಾವು ಕರದಿದ್ವೇನು?' ಎಂದಳು ಸೂಗಮ್ಮ. ದೋಣಿ ಹೋಯಿತು. ಸೌಟು ಈಗ ನನ್ನ ಕೈಗೆ ಬಂದಿದೆ, ಅವಳು ಯಾವಾಗ ಬರುತ್ತಾಳೋ ಗೊತ್ತಿಲ್ಲ.

ಅಂಚೆಯವಳು ಬಾಗಿಲಲ್ಲಿ ನಿಂತು ಕಾಲು ಬದಲಿಸುತ್ತಿದ್ದಾಳೆ, ಮುಗಿಸುತ್ತೇನೆ. ನಿಮ್ಮ ಕಾಲದಲ್ಲೂ ನೀರು ಬರುತ್ತದೆ, ಮನೆಗಳು ಬೀಳುತ್ತವೆ, ನೀವು ಬುತ್ತಿ ಹೊತ್ತು ಹೋಗುತ್ತೀರಿ. ಹೋಗಿ, ನಿಮ್ಮಂಥವರು ಹೋಗಿದ್ದಕ್ಕೇ ನಾವು ಹುಟ್ಟಿದೆವು. ಪಾತ್ರೆ ಇಳಿಸಿದ ಕೂಡಲೇ ಎದ್ದು ಬರಬೇಡಿ. ಅವರು ಒಂದು ಲೋಟ ನೀರು ಕೊಟ್ಟರೂ ಬೇಡ ಅನ್ನದೆ ಕುಡಿಯಿರಿ. ನಿಮ್ಮ ಕೈಯ ಊಟ ಉಂಡವರು ಒಂದು ಒಳ್ಳೆಯ ಮಾತನ್ನೂ ಆಡದೆ ಬಿಗಿದ ಮುಖದಲ್ಲಿ ಕುಳಿತಿದ್ದರೆ, ಅವರ ಮನೆಗೆ ಇನ್ನೂ ಯಾರು ಬರಬೇಕಾಗಿದೆ ಎಂದು ಮೊದಲು ಕೇಳಿ.

ನಿಮ್ಮ ಮೊಮ್ಮಕ್ಕಳ ಮರಿಮಕ್ಕಳಲ್ಲೊಬ್ಬಳು,
ಚನ್ನಬಸಮ್ಮ